ಹಳೆಯ ಮನೆ ಕಂಪ್ಯೂಟರ್: ಯಂತ್ರಾಂಶ ದೋಷ ಪತ್ತೆ

1970ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಮನೆ ಮತ್ತು ಶಾಲೆಗಳಿಗೆಂದೇ ತಯಾರಾದ ಸಣ್ಣ ಗಣಕಗಳಿಗೆ ಮನೆ ಕಂಪ್ಯೂಟರ್ ಎಂದು ಹೆಸರು. ಕೀಲಿಮಣೆಯ ಡಬ್ಬಿಯೊಳಗೇ ಇಡೀ ಯಂತ್ರ, ಪರದೆಗೆ ಮನೆಯ ಟಿ.ವಿ., ಬರೆದದ್ದನ್ನು ಉಳಿಸಲು ಹಾಡಿನ ಕ್ಯಾಸೆಟ್ಟು: ಇದು ಅವುಗಳ ಸಾಮಾನ್ಯ ರೂಪ. ಬಿಬಿಸಿ ಮೈಕ್ರೊ (1981), ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ (1982), ಕಮೋಡೋರ್ 64 (1982) ಇವುಗಳಲ್ಲಿ ಪ್ರಸಿದ್ಧವಾದವು. ಇಂದಿನ ಮೊಬೈಲ್ ಫೋನಿನ ಬೋರ್ಡು ಕೆಟ್ಟರೆ ಅದನ್ನು ಬದಲಾಯಿಸುವುದೇ ಸಾಮಾನ್ಯ ದಾರಿ. ಈ ಹಳೆಯ ಯಂತ್ರಗಳ ವಿಷಯ ಬೇರೆ. ಪ್ರೊಸೆಸರ್ ಒಂದು ಚಿಪ್ಪು, ಮೆಮೊರಿ ಎಂಟೋ ಹದಿನಾರೋ ಚಿಪ್ಪು, ಧ್ವನಿಗೊಂದು, ಚಿತ್ರಕ್ಕೊಂದು. ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಸರ್ಕ್ಯೂಟ್ ನಕ್ಷೆಗಳೂ ಬಹಿರಂಗವಾಗಿವೆ. ಮಲ್ಟಿಮೀಟರ್ ಹಿಡಿಯಲು ಬಲ್ಲ ಟಿ.ವಿ. ಮೆಕ್ಯಾನಿಕ್ ಒಬ್ಬ ಸಾವಧಾನವಾಗಿ ಕುಳಿತರೆ ಮುಕ್ಕಾಲು ಪಾಲು ದೋಷಗಳ ಜಾಡು ಹಿಡಿಯಬಲ್ಲ.

ದುರಸ್ತಿಯ ಕೈಪಿಡಿಗಳು ಬಹುತೇಕ ಇಂಗ್ಲೆಂಡ್, ಅಮೆರಿಕಗಳಲ್ಲಿ ಹುಟ್ಟಿದವು. ತಂಪಾದ ಒಣ ಹವೆಯ ಮನೆ, ಅಲುಗಾಡದ ವಿದ್ಯುತ್ತು ಅವುಗಳ ಕಲ್ಪನೆಯಲ್ಲಿವೆ. ಆದ್ದರಿಂದ ಅವು ಬೇಗ ಚಿಪ್ಪುಗಳ ಮೇಲೆ ಬೆರಳು ತೋರಿಸುತ್ತವೆ. ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಮೂಗೂರಿನಂಥ ಊರಿನ ಹೆಂಚಿನ ಮನೆಯ ಅಟ್ಟದಿಂದ ಇಳಿಸಿದ ಯಂತ್ರದ ಮುಂದೆ ಕುಳಿತಾಗ ಅನುಮಾನದ ಸರತಿಯನ್ನೇ ಬದಲಿಸಬೇಕಾಗುತ್ತದೆ. ಇಲ್ಲಿ ಮೊದಲ ಅನುಮಾನ ವಿದ್ಯುತ್ತಿನ ಮೇಲೆ, ಎರಡನೆಯದು ತೇವದ ಮೇಲೆ, ಮೂರನೆಯದು ಹುಳುಹುಪ್ಪಟೆಯ ಮೇಲೆ. ಚಿಪ್ಪಿನ ಸರದಿ ಕೊನೆಗೆ.

ಭಾರತಕ್ಕೆ ಬಂದ ಬಗೆ

ಭಾರತದ ಹಳೆಯ ಯಂತ್ರಗಳಲ್ಲಿ ಬಿಬಿಸಿ ಮೈಕ್ರೊ ಎದುರಾಗುವುದಕ್ಕೆ ಕಾರಣ ಶಾಲೆಗಳು. 1984ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ ಎನ್‌ಸಿಇಆರ್‌ಟಿ ಜತೆಗೂಡಿ 'ಕ್ಲಾಸ್' ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯನ್ನು ಆರಂಭಿಸಿದವು. ಮೊದಲ ಸುತ್ತಿನಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಈ ಯಂತ್ರಗಳನ್ನೇ. ಮುಂದೆ ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದೇ ಯಂತ್ರವನ್ನು 'ಯೂನಿಕಾರ್ನ್' ಹೆಸರಿನಲ್ಲಿ ತಂದಿತು. ಸ್ಪೆಕ್ಟ್ರಮ್ ಪ್ಲಸ್ ಯಂತ್ರವನ್ನು ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ 'ಡಿಬಿ ಸ್ಪೆಕ್ಟ್ರಮ್' ಎಂದು ಮಾರಿತು. ಉಳಿದವು ಲಂಡನ್ನಿನಿಂದಲೋ ಕೊಲ್ಲಿ ದೇಶಗಳಿಂದಲೋ ಅಮೆರಿಕದಿಂದಲೋ ರಜೆಗೆ ಬಂದ ನೆಂಟರ ಸೂಟ್‌ಕೇಸಿನಲ್ಲಿ ಬಂದವು.

ಪರದೇಶದ ಯಂತ್ರವನ್ನು ಇಲ್ಲಿಯ ಕೈಗಳೇ ನೋಡಿಕೊಳ್ಳುವ ಅಭ್ಯಾಸ ಅದಕ್ಕೂ ಹಿಂದಿನದು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಅದರ ಗಣಕಗಳನ್ನು ನಡೆಸುವ ಹೊಣೆ ಸರ್ಕಾರಿ ಸಂಸ್ಥೆಯಾದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿಯ ಹೆಗಲಿಗೆ ಬಿತ್ತು. ಕರ್ನಾಟಕದ ಮಟ್ಟಿಗೆ ಬಿಡಿಭಾಗಗಳ ತವರು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌.ಪಿ. ರೋಡ್. ಬಿಬಿಸಿ ಮೈಕ್ರೊದ ಧ್ವನಿ ಚಿಪ್ಪನ್ನು ರೂಪಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದು ನೆಲೆಯೂರಿದ್ದೂ ಬೆಂಗಳೂರಿನಲ್ಲೇ. ಅದರಿಂದ ಹಳ್ಳಿಯ ಮೆಕ್ಯಾನಿಕ್ಕಿಗೆ ಒಂದು ಚಿಪ್ಪೂ ಅಗ್ಗವಾಗಲಿಲ್ಲ ಎನ್ನುವುದು ಬೇರೆ ಮಾತು.

ಈ ಸೀಮೆಯ ಹವೆ, ಕರೆಂಟು

ನಂಜನಗೂಡಿನ ಕಡೆಯಿಂದ ಬರುವ ಕಪಿಲೆ (ಕಬಿನಿ) ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡು ನದಿ, ಕಬಿನಿಯ ನಾಲೆಗಳು, ನೀರು ನಿಂತ ಗದ್ದೆಗಳು ಇರುವ ಈ ಸೀಮೆಯಲ್ಲಿ ಮಳೆಗಾಲದ ಗಾಳಿ ಭಾರವಾಗಿರುತ್ತದೆ. ರಾತ್ರಿ ತಣ್ಣಗಾದ ಲೋಹದ ಮೇಲೆ ತೇವ ಕೂರುತ್ತದೆ, ಹಗಲು ಆರುತ್ತದೆ, ಮತ್ತೆ ಕೂರುತ್ತದೆ. ವರ್ಷಗಟ್ಟಲೆ ಹೀಗಾದಾಗ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಬೆಳ್ಳಿ ಲೇಪದ ಚಿಪ್ಪಿನ ಕಾಲುಗಳು ಕರ್ರಗಾಗಿ, ಮುಟ್ಟಿದರೆ ಮುರಿಯುವಷ್ಟು ಸವೆಯುತ್ತವೆ. ಸಾಕೆಟ್ಟಿನ ಹಿಡಿತ ಸಡಿಲವಾಗುತ್ತದೆ. ಇಲಿಯ ಮೂತ್ರ ಬಿದ್ದ ಬೋರ್ಡಿನಲ್ಲಿ ತಾಮ್ರದ ಗೆರೆಗಳು ಬೋರ್ಡಿನ ಹಸಿರು ಲೇಪದ ಅಡಿಯಲ್ಲೇ ಕರಗಿ ಹೋಗಿರುತ್ತವೆ. ಮೇಲಿಂದ ನೋಡಿದವರಿಗೆ ಒಂದು ಕಲೆ ಮಾತ್ರ ಕಾಣುತ್ತದೆ. ಹಿಂಬದಿಯ ಕಿಂಡಿಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಪವರ್ ಸಪ್ಲೈ ಡಬ್ಬಿಯ ಬೆಚ್ಚಗಿನ ಮೂಲೆ ಹುಡುಕಿ ಹೋದ ಹಲ್ಲಿ ಎರಡು ತಂತಿಗಳ ನಡುವೆ ಸತ್ತು ಒಣಗಿರಬಹುದು. ಕೈಪಿಡಿಗಳು ಎಚ್ಚರಿಸುವ ಸ್ಥಾಯೀ ವಿದ್ಯುತ್ತಿನ ಭಯ ಮಾತ್ರ ಮಳೆಗಾಲದಲ್ಲಿ ಇಲ್ಲಿ ಕಡಿಮೆ. ಫೆಬ್ರುವರಿ, ಮಾರ್ಚ್ ತಿಂಗಳ ಒಣ ಹವೆಯಲ್ಲಿ ಆ ಎಚ್ಚರ ಬೇಕು.

ವಿದ್ಯುತ್ತಿನ ಕಥೆ ಇನ್ನೂ ದೊಡ್ಡದು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬಿದ್ದು ಮನೆಯ ವೋಲ್ಟೇಜು ಕುಸಿಯುತ್ತದೆ. ಹೊರೆ ಇಳಿದೊಡನೆ ಏರುತ್ತದೆ. ಸ್ಪೆಕ್ಟ್ರಮ್‌ನಂಥ ಯಂತ್ರದ ಅಡಾಪ್ಟರ್ ಬರಿಯ ಟ್ರಾನ್ಸ್‌ಫಾರ್ಮರ್, ಡಯೋಡು, ಕೆಪಾಸಿಟರ್ ಇರುವ ಸರಳ ವಸ್ತು. ಮೇನ್ಸ್ ಇಳಿದರೆ ಅದರ 9 ವೋಲ್ಟೂ ಇಳಿಯುತ್ತದೆ. ಯಂತ್ರದೊಳಗಿನ 7805 ರೆಗ್ಯುಲೇಟರಿಗೆ 5 ವೋಲ್ಟ್ ಹೊರಡಿಸಲು ಒಳಬದಿಯಲ್ಲಿ ಕನಿಷ್ಠ 7 ವೋಲ್ಟಿನಷ್ಟಾದರೂ ಬೇಕು. ಅದಕ್ಕಿಂತ ಕೆಳಗಿಳಿದರೆ ಪರದೆಯ ಮೇಲೆ ಅಡ್ಡ ಪಟ್ಟೆಗಳು ತೇಲುತ್ತವೆ, ಯಂತ್ರ ತನ್ನಷ್ಟಕ್ಕೆ ಮೊದಲಿನಿಂದ ಶುರುವಾಗುತ್ತದೆ. ಇಂಥ ಯಂತ್ರವನ್ನು ಮೈಸೂರಿಗೆ ಒಯ್ದು ಅಲ್ಲಿ ಸರಿಯಾಗಿ ನಡೆಯುವುದನ್ನು ಕಂಡು, ಮರಳಿ ತಂದಾಗ ಅದೇ ಕಾಯಿಲೆ ಮರುಕಳಿಸಿದರೆ ದೋಷ ಯಂತ್ರದಲ್ಲಿಲ್ಲ, ಗೋಡೆಯ ಸಾಕೆಟ್ಟಿನಲ್ಲಿದೆ.

ಎಲ್ಲಕ್ಕಿಂತ ಅಪಾಯದ್ದು ನ್ಯೂಟ್ರಲ್ ಕಟ್. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ ತಂತಿ ಕಳಚಿದರೆ ಕಡಿಮೆ ಹೊರೆಯಿರುವ ಮನೆಗಳಿಗೆ 230ರ ಬದಲು 300 ದಾಟಿದ ವೋಲ್ಟೇಜು, ಕೆಟ್ಟ ಸಂದರ್ಭದಲ್ಲಿ 400ರ ಸಮೀಪದ ವೋಲ್ಟೇಜು ನುಗ್ಗುತ್ತದೆ. ಬೀದಿಯ ಬಲ್ಬು, ಟಿ.ವಿ.ಗಳೆಲ್ಲ ಒಂದೇ ಗಳಿಗೆಯಲ್ಲಿ ಸುಟ್ಟ ರಾತ್ರಿಯ ನೆನಪು ಅನೇಕ ಊರುಗಳಿಗಿದೆ. ಹಳೆಯ ಯಂತ್ರ ಅಂಥದ್ದೊಂದು ರಾತ್ರಿ ಪ್ಲಗ್ಗಿನಲ್ಲಿತ್ತೇ ಎಂದು ಮನೆಯ ಹಿರಿಯರನ್ನು ಕೇಳುವುದು ಯಾವ ಮೀಟರಿಗೂ ಸಿಗದ ಮಾಹಿತಿ ಕೊಡುತ್ತದೆ. ಅಮೆರಿಕದಿಂದ ಬಂದ ಯಂತ್ರವಾದರೆ ಕೇಳಬೇಕಾದ ಪ್ರಶ್ನೆ ಇನ್ನೊಂದು: 120 ವೋಲ್ಟಿನ ಅಡಾಪ್ಟರನ್ನು ಯಾರಾದರೂ ನೇರ ಗೋಡೆಗೆ ಚುಚ್ಚಿದ್ದರೇ?

ಸ್ವಿಚ್ ಹಾಕುವ ಮುನ್ನ

ಅಟ್ಟದಿಂದ ಇಳಿಸಿದ ಯಂತ್ರಕ್ಕೆ ಉತ್ಸಾಹದಲ್ಲಿ ಕರೆಂಟು ಕೊಡುವುದೇ ಬಹಳ ಯಂತ್ರಗಳ ಕೊನೆಗೆ ಕಾರಣ. ಮೊದಲು ತಿರುಪು ಬಿಚ್ಚಿ ತೆರೆಯಬೇಕು. ಮೂಸಿ ನೋಡಬೇಕು: ಸುಟ್ಟ ವಾಸನೆ, ಕೊಳೆತ ಮೀನಿನಂಥ ವಾಸನೆ (ಸೋರಿದ ಕೆಪಾಸಿಟರಿನದು) ಎರಡೂ ಸುಳಿವುಗಳೇ. ಮೃದುವಾದ ಬ್ರಷ್ಷಿನಿಂದ ಧೂಳು, ಗೂಡು, ಹಿಕ್ಕೆ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನೆರಳಿನಲ್ಲಿ ಒಂದೆರಡು ದಿನ ಒಣಗಲು ಬಿಡಬೇಕು. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಬಾಗುತ್ತದೆ, ಹಳದಿಗಟ್ಟುತ್ತದೆ. ಮೇಲಿನ ಚೀಟಿ ಬಿದ್ದುಹೋದ ಇಪ್ರಾಮ್ ಚಿಪ್ಪಿದ್ದರೆ ಅದರ ಗಾಜಿನ ಕಿಟಕಿಯನ್ನು ಕಪ್ಪು ಟೇಪಿನಿಂದ ಮುಚ್ಚಬೇಕು. ಬಿಸಿಲಿನ ಅತಿನೇರಳೆ ಕಿರಣ ಒಳಗಿನ ಬರಹವನ್ನು ಅಳಿಸುತ್ತದೆ.

ಆಮೇಲೆ ಬ್ಯಾಟರಿ. ಎಂಟು ಬಿಟ್ಟಿನ ಹೆಚ್ಚಿನ ಯಂತ್ರಗಳಲ್ಲಿ ಬ್ಯಾಟರಿಯೇ ಇಲ್ಲ. ಬಿಬಿಸಿ ಮಾಸ್ಟರ್ (1986), ಅಮಿಗಾ 500 ಪ್ಲಸ್, 286 ಮತ್ತು 386 ಕಾಲದ ಪಿ.ಸಿ.ಗಳಲ್ಲಿ ಇದೆ. ಪಿ.ಸಿ.ಗಳಲ್ಲಿ ಪೀಪಾಯಿ ಆಕಾರದ 3.6 ವೋಲ್ಟಿನ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಬೋರ್ಡಿಗೇ ಬೆಸೆದಿರುತ್ತದೆ. ಅದು ಸೋರಿದಾಗ ಹೊರಬರುವುದು ಆಮ್ಲ ಎಂದು ಹಲವರು ತಿಳಿಯುತ್ತಾರೆ, ಅದು ಕ್ಷಾರ. ಆದ್ದರಿಂದ ಅಡುಗೆ ಸೋಡದಿಂದ ಉಪಯೋಗವಿಲ್ಲ. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ವಿನೆಗರ್ ಅಥವಾ ನಿಂಬೆರಸ ಹಚ್ಚಿ ಕ್ಷಾರವನ್ನು ತಣಿಸಿ, ಶುದ್ಧ ನೀರಿನಿಂದಲೂ ಆಲ್ಕೋಹಾಲಿನಿಂದಲೂ ತೊಳೆದು ಒಣಗಿಸಬೇಕು. ಕಿಲುಬು ತಿಂದ ಗೆರೆಗಳನ್ನು ಮಲ್ಟಿಮೀಟರಿನ ಬೀಪ್ ಸ್ಥಾನದಲ್ಲಿ ಒಂದೊಂದಾಗಿ ಪರೀಕ್ಷಿಸಿ, ತುಂಡಾದಲ್ಲಿ ತೆಳು ತಂತಿ ಬೆಸೆಯಬೇಕು. ಇದು ತಾಳ್ಮೆಯ ಕೆಲಸ, ವಿದ್ಯೆಯ ಕೆಲಸವಲ್ಲ.

ಪವರ್ ಸಪ್ಲೈ

ಬಿಬಿಸಿ ಮೈಕ್ರೊದಲ್ಲಿ ಪವರ್ ಸಪ್ಲೈ ಯಂತ್ರದೊಳಗೇ ಇದೆ. ಅದರ ಮೇನ್ಸ್ ಬದಿಯಲ್ಲಿ ಪಾರದರ್ಶಕ ಹಳದಿ ಹೊದಿಕೆಯ, ರಿಫಾ ಎಂಬ ಮುದ್ರೆಯ ಕಾಗದದ ಕೆಪಾಸಿಟರುಗಳಿರುತ್ತವೆ. ವಯಸ್ಸಾದಂತೆ ಹೊದಿಕೆ ಬಿರುಕು ಬಿಟ್ಟು ಕಾಗದ ತೇವ ಹೀರುತ್ತದೆ. ಕರೆಂಟು ಕೊಟ್ಟ ಕೆಲ ನಿಮಿಷಗಳಲ್ಲಿ ಟಪ್ಪೆಂದು ಒಡೆದು ಕೋಣೆ ತುಂಬ ದಟ್ಟ ಹೊಗೆ ಬರುತ್ತದೆ. ಇಂಗ್ಲೆಂಡಿನಲ್ಲೇ ಕುಖ್ಯಾತವಾದ ಈ ದೋಷ ಕಾವೇರಿ ತೀರದ ತೇವದಲ್ಲಿ ಕಾಣಿಸಿಕೊಳ್ಳದೆ ಇರುವುದು ಅಪರೂಪದ ಅದೃಷ್ಟವೇ ಸರಿ. ಅವು ಮೇನ್ಸಿನ ಗೊಂದಲ ಸೋಸುವ ಭಾಗಗಳಷ್ಟೇ. ಹೊಗೆ ಬಂದ ಮೇಲೂ ಯಂತ್ರ ನಡೆಯುತ್ತಿರುವುದುಂಟು. ಆದರೂ ಸ್ವಿಚ್ ಹಾಕುವ ಮೊದಲೇ ಅವನ್ನು ತೆಗೆದು ಅದೇ ಬೆಲೆಯ, ಎಕ್ಸ್2 ಗುರುತಿನ ಹೊಸ ಕೆಪಾಸಿಟರ್ ಹಾಕುವುದು ಉತ್ತಮ. ಎಕ್ಸ್2 ಗುರುತಿಲ್ಲದ್ದನ್ನು ಆ ಜಾಗದಲ್ಲಿ ಹಾಕಬಾರದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಬಗೆಯ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನೇರ ವಿದ್ಯುತ್ತು ಕೂಡಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮೀಟರಿನಲ್ಲಿ ಅಳೆದು ಸೊನ್ನೆಗೆ ಬಂದದ್ದನ್ನು ಕಂಡ ಮೇಲೆಯೇ ಕೈ ಹಾಕಬೇಕು. ಅನುಭವವಿಲ್ಲದವರು ಈ ಭಾಗವನ್ನು ಬಲ್ಲವರಿಗೆ ಬಿಡಬೇಕು.

ಮೊದಲ ಬಾರಿ ಕರೆಂಟು ಕೊಡುವಾಗ ನಮ್ಮ ರೇಡಿಯೊ, ಟಿ.ವಿ. ರಿಪೇರಿ ಅಂಗಡಿಗಳ ಸೀರೀಸ್ ಬೋರ್ಡಿಗಿಂತ ಒಳ್ಳೆಯ ಉಪಕರಣವಿಲ್ಲ. 60 ಅಥವಾ 100 ವಾಟಿನ ತಂತಿ ಬಲ್ಬನ್ನು ಯಂತ್ರದ ಜತೆ ಸರಣಿಯಲ್ಲಿ ಜೋಡಿಸುವುದಷ್ಟೇ ಇದರ ಗುಟ್ಟು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ, ಆದರೆ ಹೊಗೆಯಾಗುವ ಮೊದಲೇ ತಿಳಿದಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ತಂತಿ ಬಲ್ಬುಗಳು ಅಂಗಡಿಯಿಂದ ಮಾಯವಾಗುತ್ತಿರುವುದರಿಂದ ನಾಲ್ಕು ತೆಗೆದಿಟ್ಟುಕೊಳ್ಳುವುದು ಜಾಣತನ.

ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ ಬೇರೆಯಾಗಿ ಪರೀಕ್ಷಿಸುವುದು ಕ್ಷೇಮ. ಆದರೆ ಬಿಬಿಸಿಯಲ್ಲಿರುವಂಥ ಸ್ವಿಚಿಂಗ್ ಸಪ್ಲೈ ಹೊರೆಯಿಲ್ಲದೆ ಸರಿಯಾಗಿ ಏಳುವುದಿಲ್ಲ. ಕಾರಿನ ಇಂಡಿಕೇಟರಿನ 12 ವೋಲ್ಟ್ 21 ವಾಟ್ ಬಲ್ಬನ್ನು 5 ವೋಲ್ಟಿನ ತಂತಿಗೆ ಕಟ್ಟಿದರೆ ಸುಮಾರು 1 ಆಂಪಿಯರ್ ಹೊರೆ ಸಿಗುತ್ತದೆ. ಮೀಟರ್ 4.75ರಿಂದ 5.25ರ ಒಳಗೆ ತೋರಿಸಬೇಕು. ಆ ಕಾಲದ ಚಿಪ್ಪುಗಳ ಗಡಿ ಅದೇ. ಬಿಬಿಸಿಯಲ್ಲಿ 5 ವೋಲ್ಟ್ ಮೂರು ಕೆಂಪು ತಂತಿಗಳಲ್ಲಿ ಬೋರ್ಡಿನ ಮೂರು ಕಡೆಗೆ ಹೋಗುತ್ತದೆ. ಅವುಗಳಲ್ಲಿ ಒಂದರ ಕ್ಲಿಪ್ಪು ಕಿಲುಬು ಹಿಡಿದಿದ್ದರೂ ಯಂತ್ರದ ಒಂದು ಭಾಗ ಬಡಕಲಾಗಿ ವಿಚಿತ್ರವಾಗಿ ವರ್ತಿಸುತ್ತದೆ. ಆದ್ದರಿಂದ ಅಳತೆಯನ್ನು ಸಪ್ಲೈಯ ಬಾಯಲ್ಲಲ್ಲ, ಚಿಪ್ಪಿನ ಕಾಲಿನಲ್ಲೇ ನೋಡಬೇಕು.

ಕಮೋಡೋರ್ 64ರ ಕಥೆ ತಲೆಕೆಳಗು. ಅದರ ಇಟ್ಟಿಗೆಯಂಥ ಅಡಾಪ್ಟರನ್ನು ಒಳಗೆ ರಾಳ ಸುರಿದು ಮುಚ್ಚಿದ್ದಾರೆ; ಕಾವು ಹೊರಹೋಗದೆ ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟ್ ಕುಸಿಯುವುದಿಲ್ಲ, ಏರುತ್ತದೆ. ಏರಿದ ವೋಲ್ಟೇಜು ಮೆಮೊರಿ ಚಿಪ್ಪುಗಳನ್ನು ಕೊಲ್ಲುತ್ತದೆ. ಮೂಲ ಅಡಾಪ್ಟರ್ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬಳಸದಿರುವುದೇ ವಿವೇಕ. ಸ್ಪೆಕ್ಟ್ರಮ್‌ನ ಅಡಾಪ್ಟರಿನ ಪಿನ್ನಿನಲ್ಲಿ ನಡುವೆ ಋಣ, ಹೊರಗೆ ಧನ. ಅಂಗಡಿಯಲ್ಲಿ ಸಿಗುವ ಹೆಚ್ಚಿನ 9 ವೋಲ್ಟ್ ಅಡಾಪ್ಟರುಗಳು ಇದಕ್ಕೆ ವಿರುದ್ಧ.

ಗಡಿಯಾರ, ರೀಸೆಟ್, ಬಸ್ಸು

ವಿದ್ಯುತ್ತು ಸರಿಯಿದ್ದೂ ಯಂತ್ರ ಮೂಕವಾಗಿದ್ದರೆ ಮುಂದಿನ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಪ್ರೊಸೆಸರಿಗೆ ಗಡಿಯಾರದ ಮಿಡಿತ ಬರುತ್ತಿದೆಯೇ? ರೀಸೆಟ್ ಬಿಟ್ಟಿದೆಯೇ? ಬಸ್ಸಿನ, ಅಂದರೆ ಚಿಪ್ಪುಗಳನ್ನು ಒಂದಕ್ಕೊಂದು ಜೋಡಿಸುವ, ತಂತಿಗಳಲ್ಲಿ ಸಂಕೇತಗಳ ಓಡಾಟವಿದೆಯೇ? ಬಿಬಿಸಿಯ 6502 ಪ್ರೊಸೆಸರಿನಲ್ಲಿ 37ನೆಯ ಕಾಲು ಗಡಿಯಾರದ ಒಳದಾರಿ, 40ನೆಯದು ರೀಸೆಟ್, 8ನೆಯದು 5 ವೋಲ್ಟ್. ಸ್ಪೆಕ್ಟ್ರಮ್‌ನ ಝಡ್80ರಲ್ಲಿ ಕ್ರಮವಾಗಿ 6, 26, 11. ರೀಸೆಟ್ ಕಾಲು ಸ್ವಿಚ್ ಹಾಕಿದ ಗಳಿಗೆಯಲ್ಲಿ ಸೊನ್ನೆಯಲ್ಲಿದ್ದು ಕೂಡಲೇ ಮೇಲೇರಬೇಕು. ಅಲ್ಲೇ ಉಳಿದರೆ ಪ್ರೊಸೆಸರ್ ನಿದ್ದೆಯಿಂದ ಏಳುವುದೇ ಇಲ್ಲ. ಆಸಿಲೋಸ್ಕೋಪ್ ಇಲ್ಲದವರು ಲಾಜಿಕ್ ಪ್ರೋಬ್ ಬಳಸಬಹುದು. ಒಂದು ಎಲ್‌ಇಡಿ, ಒಂದೆರಡು ಟ್ರಾನ್ಸಿಸ್ಟರುಗಳಿಂದ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಉಪಕರಣವದು.

ಬಿಬಿಸಿ ಮೈಕ್ರೊ ಈ ವಿಷಯದಲ್ಲಿ ಉಪಕಾರಿ. ಅದು ಬಾಯಿಬಿಟ್ಟು ಹೇಳುತ್ತದೆ. ಧ್ವನಿ ಚಿಪ್ಪು ಕರೆಂಟು ಬಂದೊಡನೆ ತಾನಾಗಿಯೇ ಕೂಗಲು ಶುರುಮಾಡುತ್ತದೆ. ಪ್ರೊಸೆಸರ್ ಎದ್ದು ರೋಮ್‌ನಲ್ಲಿರುವ ಆದೇಶಗಳನ್ನು ಓದಿ ಆ ಕೂಗನ್ನು ನಿಲ್ಲಿಸಿ, ಮೇಲಿನ ಸ್ವರದಲ್ಲೊಂದು ಸಣ್ಣ ಬೀಪ್ ಹಾಕುತ್ತದೆ. ಎರಡು ಸ್ವರ ಕೇಳಿದರೆ ಪ್ರೊಸೆಸರ್, ಗಡಿಯಾರ, ಆಪರೇಟಿಂಗ್ ಸಿಸ್ಟಂ ಚಿಪ್ಪು ಬದುಕಿವೆ ಎಂದರ್ಥ. ಪರದೆ ಕಪ್ಪಾಗಿದ್ದರೆ ದೋಷ ಚಿತ್ರದ ಕಡೆ ಇದೆ. ಒಂದೇ ಸ್ವರ ನಿಲ್ಲದೆ ಕೂಗುತ್ತಿದ್ದರೆ ಪ್ರೊಸೆಸರ್ ಕೆಲಸ ಆರಂಭಿಸಿಲ್ಲ. ಆಗ ಮೊದಲು ನೋಡಬೇಕಾದ್ದು ಬ್ರೇಕ್ ಕೀಲಿಯನ್ನು. ಅದು ಧೂಳಿಗೆ ಸಿಕ್ಕಿ ಒತ್ತಿಕೊಂಡೇ ನಿಂತಿದ್ದರೆ ಯಂತ್ರ ಸದಾ ರೀಸೆಟ್ಟಿನಲ್ಲೇ ಇರುತ್ತದೆ. ಎರಡನೆಯದು, ಸಾಕೆಟ್ಟಿನಲ್ಲಿರುವ ದೊಡ್ಡ ಚಿಪ್ಪುಗಳನ್ನು ಕರೆಂಟು ತೆಗೆದು ಮೆಲ್ಲಗೆ ಎತ್ತಿ, ಕಾಲುಗಳನ್ನು ಒರೆಸಿ, ಎರಡು ಮೂರು ಬಾರಿ ಒತ್ತಿ ಕೂರಿಸುವುದು. ತೇವದ ಸೀಮೆಯಲ್ಲಿ ಸತ್ತಿತೆಂದುಕೊಂಡ ಯಂತ್ರಕ್ಕೆ ಇದಕ್ಕಿಂತ ಫಲ ಕೊಡುವ ಚಿಕಿತ್ಸೆ ಇಲ್ಲ. ಪರದೆಯ ಮೇಲೆ ಭಾಷೆ ಯಾವುದೆಂದು ಕೇಳುವ ಒಂದೇ ಪದ, 'ಲ್ಯಾಂಗ್ವೇಜ್?', ಮೂಡಿದರೆ ಬೇಸಿಕ್ ಭಾಷೆಯ ಚಿಪ್ಪು ಸಿಕ್ಕಿಲ್ಲ. ಅದಕ್ಕೂ ಇದೇ ಮದ್ದು.

ಮೆಮೊರಿ

ಪ್ರೊಸೆಸರುಗಳು ಗಟ್ಟಿ, ಮೆಮೊರಿ ಚಿಪ್ಪುಗಳು ಸೂಕ್ಷ್ಮ. ಈ ಯಂತ್ರಗಳಲ್ಲಿ ಒಂದೊಂದು ಚಿಪ್ಪು ಒಂದೊಂದು ಬಿಟ್ಟನ್ನು ಹಿಡಿದಿರುತ್ತದೆ, ಎಂಟು ಸೇರಿ ಒಂದು ಬೈಟು. ಆದ್ದರಿಂದ ಯಂತ್ರ ಹೇಗೋ ಏಳುವಷ್ಟು ಉಳಿದಿದ್ದರೆ ಪರದೆಯ ತಪ್ಪಕ್ಷರಗಳೇ ಅಪರಾಧಿಯನ್ನು ಹಿಡಿದುಕೊಡುತ್ತವೆ. ಇಂಗ್ಲಿಷಿನ ಸಿ ಇರಬೇಕಾದಲ್ಲಿ ಬಿ, ಒ ಇರಬೇಕಾದಲ್ಲಿ ಎನ್, ಇ ಇರಬೇಕಾದಲ್ಲಿ ಡಿ ಮೂಡಿದರೆ, ಆದರೆ ಬಿ, ಡಿ, ಎನ್ ಸರಿಯಾಗಿಯೇ ಇದ್ದರೆ, ಬೆಸ ಸಂಖ್ಯೆಯ ಅಕ್ಷರಗಳೆಲ್ಲ ಒಂದು ಮೆಟ್ಟಿಲು ಇಳಿದಿವೆ. ಎಂದರೆ ಅತಿ ಕೆಳಗಿನ ಬಿಟ್ಟು ಸೊನ್ನೆಯಲ್ಲಿ ಅಂಟಿಕೊಂಡಿದೆ. ನಕ್ಷೆಯಲ್ಲಿ ಆ ಬಿಟ್ಟಿನ ಚಿಪ್ಪು ಯಾವುದೆಂದು ನೋಡಿದರಾಯಿತು.

ಪ್ರತಿ ಯಂತ್ರಕ್ಕೂ ತನ್ನದೇ ಲಕ್ಷಣಗಳಿವೆ. 32 ಕಿಲೊಬೈಟಿನ ಬಿಬಿಸಿ ಮಾಡೆಲ್ ಬಿ ತನ್ನನ್ನು 16ಕೆ ಎಂದು ಪರಿಚಯಿಸಿಕೊಂಡರೆ ಹದಿನಾರು ಚಿಪ್ಪುಗಳ ಎರಡು ಸಾಲುಗಳಲ್ಲೊಂದರಲ್ಲಿ ದೋಷವಿದೆ. 48ಕೆ ಸ್ಪೆಕ್ಟ್ರಮ್‌ನಲ್ಲಿ 23732 ಮತ್ತು 23733ನೆಯ ವಿಳಾಸಗಳ ಬೆಲೆಯನ್ನು ಬೇಸಿಕ್ ಭಾಷೆಯ ಪೀಕ್ ಆದೇಶದಿಂದ ಓದಿ, ಎರಡನೆಯದನ್ನು 256ರಿಂದ ಗುಣಿಸಿ ಕೂಡಿದರೆ 65535 ಬರಬೇಕು. 32767 ಬಂದರೆ ಮೇಲಿನ 32ಕೆ ಕಾಣೆಯಾಗಿದೆ. ಕಮೋಡೋರ್ 64ಕ್ಕೆ ಡೆಡ್ ಟೆಸ್ಟ್ ಎಂಬ ಕಾರ್ಟ್ರಿಜ್ ಇದೆ. ಅದು ಪರದೆಯನ್ನು ಮಿನುಗಿಸುವ ಎಣಿಕೆಯಲ್ಲೇ ಕೆಟ್ಟ ಚಿಪ್ಪು ಎಷ್ಟನೆಯದೆಂದು ತಿಳಿಸುತ್ತದೆ.

ಸ್ಪೆಕ್ಟ್ರಮ್‌ನ ಕೆಳಗಿನ 16ಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿರುವ 4116 ಚಿಪ್ಪುಗಳಿಗೆ ಮೂರು ಬಗೆಯ ವೋಲ್ಟೇಜು ಬೇಕು: 1ನೆಯ ಕಾಲಿಗೆ ಋಣ 5, 8ನೆಯದಕ್ಕೆ 12, 9ನೆಯದಕ್ಕೆ 5. ಋಣ 5 ವೋಲ್ಟ್ ತಪ್ಪಿ 12 ಮಾತ್ರ ಉಳಿದರೆ ಚಿಪ್ಪುಗಳು ಕಾದು ಸಾಯುತ್ತವೆ. ಈ ವೋಲ್ಟೇಜುಗಳನ್ನು ಹುಟ್ಟಿಸುವುದು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರು ಮತ್ತು ಒಂದು ಸುರುಳಿ. ಕರೆಂಟು ಇರುವಾಗಲೇ ಹಿಂದಿನ ಅಂಚಿಗೆ ಜಾಯ್‌ಸ್ಟಿಕ್ ಪೆಟ್ಟಿಗೆಯನ್ನು ಹಾಕಿ ತೆಗೆದ ಮಕ್ಕಳೇ ಟಿಆರ್4ರ ಮುಖ್ಯ ಶತ್ರುಗಳು. ಇಲ್ಲಿ ಹೆಚ್ಚಿನವರು ಮೋಸಹೋಗುವುದು ಹೀಗೆ: ಸತ್ತ ಮೆಮೊರಿ ಚಿಪ್ಪನ್ನು ಗುರುತಿಸಿ ಹೊಸದು ಹಾಕುತ್ತಾರೆ, ಅದನ್ನು ಕೊಂದ ಕಾರಣವನ್ನು ಹಾಗೇ ಬಿಡುತ್ತಾರೆ. ಹೊಸ ಚಿಪ್ಪೂ ಸಾಯುತ್ತದೆ. ಮೂರೂ ವೋಲ್ಟೇಜು ಸರಿಬರುವವರೆಗೆ ಹೊಸ ಮೆಮೊರಿ ಹಾಕಲೇಬಾರದು.

ಬೆರಳು ಕೂಡ ಒಂದು ಉಪಕರಣ. ಕೆಲ ನಿಮಿಷ ನಡೆಸಿ ಚಿಪ್ಪುಗಳನ್ನು ಮುಟ್ಟಿ ನೋಡಿದರೆ ಉಳಿದವುಗಳಿಗಿಂತ ಸುಡುವ ಒಂದು ಕೆಟ್ಟದ್ದಾಗಿರುವ ಸಂಭವ ಹೆಚ್ಚು. ಸ್ಪೆಕ್ಟ್ರಮ್‌ನ ಯುಎಲ್‌ಎ (ಆ ಕಂಪನಿಗೆಂದೇ ಮಾಡಿಸಿದ ಚಿಪ್ಪು), ಬಿಬಿಸಿಯ ಹಳೆಯ ವಿಡಿಯೊ ಯುಎಲ್‌ಎ ಮಾತ್ರ ಆರೋಗ್ಯವಾಗಿದ್ದಾಗಲೂ ಬಿಸಿ. ಒಳ್ಳೆಯ ಚಿಪ್ಪೊಂದನ್ನು ಅನುಮಾನದ ಚಿಪ್ಪಿನ ಬೆನ್ನ ಮೇಲೆ ಕಾಲಿಗೆ ಕಾಲು ಕೂಡುವಂತೆ ಒತ್ತಿ ನೋಡುವ ಉಪಾಯವೂ ಉಂಟು. ಕೆಳಗಿನದು ಒಳಗೇ ಕಡಿದುಹೋಗಿದ್ದರೆ ಯಂತ್ರ ಏಳುತ್ತದೆ, ಶಾರ್ಟ್ ಆಗಿದ್ದರೆ ಇದು ಏನನ್ನೂ ಹೇಳುವುದಿಲ್ಲ.

ಚಿತ್ರ, ಕೀಲಿ, ಕ್ಯಾಸೆಟ್

ಪರದೆ ಕಪ್ಪಾಗಿದ್ದ ಮಾತ್ರಕ್ಕೆ ಯಂತ್ರ ಕೆಟ್ಟಿದೆ ಎನ್ನಲಾಗದು. ಬ್ರಿಟನ್ನಿನ ಯಂತ್ರಗಳು ಟಿ.ವಿ.ಗೆ ಚಿತ್ರ ಕಳಿಸುವುದು ಯುಎಚ್‌ಎಫ್ 36ನೆಯ ಚಾನೆಲಿನಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ನಂತರ ನಮ್ಮ ಮನೆಗಳಿಗೆ ಬಂದ ಅನೇಕ ಟಿ.ವಿ.ಗಳು ದೂರದರ್ಶನಕ್ಕೆ ಸಾಕಾಗುವಷ್ಟು ವಿಎಚ್‌ಎಫ್ ಮಾತ್ರ ಹಿಡಿಯುತ್ತಿದ್ದವು. ಜತೆಗೆ ಅಲ್ಲಿಯ ಪಾಲ್ ಪದ್ಧತಿಯಲ್ಲಿ ಧ್ವನಿ 6 ಮೆಗಾಹರ್ಟ್ಸ್ ದೂರದಲ್ಲಿದ್ದರೆ ಇಲ್ಲಿ 5.5. ಆದ್ದರಿಂದ ಬ್ರಿಟಿಷ್ ಕಮೋಡೋರ್ ಇಲ್ಲಿ ಚಿತ್ರ ತೋರಿಸಿ ಬುಸುಗುಡುತ್ತದೆ. ಇದು ದೋಷವಲ್ಲ, ಎರಡು ದೇಶಗಳ ಪದ್ಧತಿಯ ಅಂತರ. ಚಿತ್ರವನ್ನು ಟಿ.ವಿ. ಚಾನೆಲಿಗೆ ಏರಿಸುವ ಮಾಡ್ಯುಲೇಟರನ್ನು ಬದಿಗಿಟ್ಟು ಕಾಂಪೋಸಿಟ್ ಸಂಕೇತವನ್ನು ನೇರ ಇಂದಿನ ಟಿ.ವಿ.ಯ ಹಳದಿ ಕಿಂಡಿಗೆ ಕೊಡುವುದು ಸುಲಭ ದಾರಿ. ಬಿಬಿಸಿ ಮಾಡೆಲ್ ಬಿಯಲ್ಲಿ ಅದಕ್ಕೆಂದೇ ಬಿಎನ್‌ಸಿ ಕಿಂಡಿ ಇದೆ.

ಬಿಬಿಸಿ ಏಳುವುದು ಮೋಡ್ 7 ಎಂಬ ಪರದೆಯ ಬಗೆಯಲ್ಲಿ. ಅದರ ಅಕ್ಷರಗಳನ್ನು ಬರೆಯುವುದು ಎಸ್‌ಎಎ5050 ಎಂಬ ಟೆಲಿಟೆಕ್ಸ್ಟ್ ಚಿಪ್ಪು. ಎರಡು ಬೀಪ್ ಕೇಳಿಯೂ ಅಕ್ಷರಗಳು ಹರಿದಂತೆ ಕಂಡರೆ, ಕುರುಡಾಗಿಯೇ ಮೋಡ್ 4 ಎಂದು ಟೈಪಿಸಿ ರಿಟರ್ನ್ ಒತ್ತಬೇಕು. ಆ ಮೋಡಿಗೆ ಟೆಲಿಟೆಕ್ಸ್ಟ್ ಚಿಪ್ಪು ಬೇಕಿಲ್ಲ. ಅಕ್ಷರಗಳು ಸ್ವಚ್ಛವಾಗಿ ಬಂದರೆ ತಪ್ಪು ಆ ಚಿಪ್ಪಿನ ಸುತ್ತಮುತ್ತಲೇ ಇದೆ.

ಕೀಲಿಮಣೆಯಲ್ಲಿ ಬಿಡಿ ಕೀಲಿ ಕೆಟ್ಟರೆ ಕೊಳೆ. ಒಂದಿಡೀ ಸಾಲು ಕೆಟ್ಟರೆ ತಂತಿ. ಸ್ಪೆಕ್ಟ್ರಮ್‌ನ ಪ್ಲಾಸ್ಟಿಕ್ ಹಾಳೆಯ ಬಾಲಗಳು ಒಣಗಿ ಮುರಿಯುತ್ತವೆ, ಹೊಸ ಹಾಳೆ ತರಿಸುವುದೇ ಪರಿಹಾರ. ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಏರದಿದ್ದರೆ ಟೇಪ್ ರೆಕಾರ್ಡರಿನ ಬೆಲ್ಟು ಅಂಟಾಗಿ ಕರಗಿದೆಯೇ, ಹೆಡ್ಡಿನ ಕೋನ ತಪ್ಪಿದೆಯೇ ನೋಡಬೇಕು. ಬಿಬಿಸಿಯ ವೇಗ ಸೆಕೆಂಡಿಗೆ 1200 ಬಿಟ್, ಸ್ಪೆಕ್ಟ್ರಮ್‌ನದು ಸರಾಸರಿ 1500. ಹಾಡಿಗೆ ಸಾಲುವ ರೆಕಾರ್ಡರ್ ಇದಕ್ಕೆ ಸಾಲದೆ ಹೋಗಬಹುದು. ಬೂಷ್ಟು ಹಿಡಿದ ಫ್ಲಾಪಿಯನ್ನು ಮಾತ್ರ ಸ್ವಚ್ಛ ಮಾಡದೆ ಡ್ರೈವಿಗೆ ತೂರಿಸಬಾರದು. ಅದರ ಬೂಷ್ಟು ಹೆಡ್ಡಿಗಂಟಿ ಮುಂದಿನ ಫ್ಲಾಪಿಗಳನ್ನೆಲ್ಲ ಕೆರೆದು ಹಾಳುಮಾಡುತ್ತದೆ.

ಚಿಪ್ಪು ಬದಲಿಸುವಾಗ

ಬೋರ್ಡಿಗೇ ಬೆಸೆದ ಚಿಪ್ಪನ್ನು ಇಡಿಯಾಗಿ ಕೀಳಲು ಹೋಗಿ ತಾಮ್ರದ ಗೆರೆಗಳನ್ನು ಕಿತ್ತವರು ಬಹಳ. ಹೇಗೂ ಸತ್ತ ಚಿಪ್ಪಿನ ಕಾಲುಗಳನ್ನು ಕತ್ತರಿಸಿ, ಉಳಿದ ಮೊಂಡುಗಳನ್ನು ಒಂದೊಂದಾಗಿ ತೆಗೆದು, ತೂತುಗಳನ್ನು ಬಿಡಿಸಿ ಸಾಕೆಟ್ ಬೆಸೆಯುವುದು ಸರಿಯಾದ ಕ್ರಮ. ಆ ಕಾಲದ ಬೆಸುಗೆ ಸೀಸ ಬೆರೆತದ್ದು. 60:40ರ ತವರ-ಸೀಸದ ತಂತಿಯನ್ನೇ ಬಳಸಿದರೆ ಕಡಿಮೆ ಶಾಖದಲ್ಲಿ ಕೆಲಸ ಮುಗಿಯುತ್ತದೆ. ಕಿಟಕಿ ತೆರೆದಿಟ್ಟು ಕೂರಬೇಕು, ಕೈ ತೊಳೆಯದೆ ಊಟ ಮಾಡಬಾರದು. ದುರಸ್ತಿಯಾದ ಯಂತ್ರವನ್ನು ಅಟ್ಟಕ್ಕೆ ಮರಳಿಸದೆ, ಸಿಲಿಕಾ ಜೆಲ್ ಚೀಲಗಳ ಜತೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಳೆಗಾಲಕ್ಕೊಮ್ಮೆ ಚೀಲಗಳನ್ನು ಬದಲಿಸುವುದು ಈ ಸೀಮೆಗೆ ಹೊಂದುವ ಕ್ರಮ. ಸ್ಟೆಬಿಲೈಜರ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಅದನ್ನು ಚಾಲೂ ಮಾಡಬಾರದು.

ಬಿಡಿಭಾಗಗಳಲ್ಲಿ 74 ಸರಣಿಯ ಸಣ್ಣ ಚಿಪ್ಪುಗಳು, ಕೆಪಾಸಿಟರು, ರೆಗ್ಯುಲೇಟರುಗಳು ಎಸ್‌.ಪಿ. ರೋಡಿನಲ್ಲಿ ಇಂದಿಗೂ ಸಿಗುತ್ತವೆ. 4116ರಂಥ ಮೆಮೊರಿಗಳು ಹಳೆಯ ಬೋರ್ಡುಗಳಿಂದ ಕಿತ್ತವೇ ಹೆಚ್ಚು. ಕೊಂಡ ಮೇಲೆ ಪರೀಕ್ಷಿಸದೆ ನಂಬಬಾರದು. ಯುಎಲ್‌ಎಗಳು ಆಯಾ ಕಂಪನಿಗೆಂದೇ ಮಾಡಿದವು, ಅವು ಸತ್ತರೆ ಇನ್ನೊಂದು ಸತ್ತ ಯಂತ್ರವೇ ಗತಿ. 6502ರ ಹೊಸ ಪೀಳಿಗೆಯಾದ ಡಬ್ಲ್ಯು65ಸಿ02ಎಸ್ ಚಿಪ್ಪನ್ನು ಅಮೆರಿಕದ ವೆಸ್ಟರ್ನ್ ಡಿಸೈನ್ ಸೆಂಟರ್ ಈಗಲೂ ಮಾರುತ್ತದೆ. ಆದರೆ ಹಳೆಯದರಲ್ಲಿ ನೆಲಕ್ಕೆ ಸೇರಿದ್ದ 1ನೆಯ ಕಾಲು ಹೊಸದರಲ್ಲಿ ಹೊರಸಂಕೇತ ಕೊಡುತ್ತದೆ. ಆ ಕಾಲನ್ನು ಮಡಚಿ ಸಾಕೆಟ್ಟಿನ ಹೊರಗಿಡದೆ ಹಳೆಯ ಬೋರ್ಡಿಗೆ ಹಾಕುವಂತಿಲ್ಲ. ಝಡ್80ನ್ನು 1976ರಿಂದ ತಯಾರಿಸುತ್ತಿದ್ದ ಝೈಲಾಗ್ ಕಂಪನಿ ಬಿಡಿ ಚಿಪ್ಪಿನ ಕೊನೆಯ ಆರ್ಡರುಗಳನ್ನು 2024ರ ಜೂನಿನಲ್ಲಿ ಪಡೆದು ಆ ಸಾಲನ್ನು ನಿಲ್ಲಿಸಿತು. ಸ್ಪೆಕ್ಟ್ರಮ್ ಇಟ್ಟುಕೊಂಡವರು ದಾಸ್ತಾನು ಮುಗಿಯುವ ಮೊದಲೇ ಒಂದೆರಡು ಝಡ್80 ಕೊಂಡಿಡಬೇಕು.